ಪಾಠ ನೋಡಲು ಹೋದವಳ ಪಾಡು

ಹೋದ ಸಂಚಿಕೆಯಲ್ಲಿ ಮದುವೆಯ ದುಂದುವೆಚ್ಚದ ಕುರಿತು ನಾವು ಬರೆದುದಕ್ಕೆ ವಾಚಕ ಬಂಧುಗಳಿಂದ ಬಂದಿರುವ ಪತ್ರಗಳು ನಮ್ಮ ಮೇಜಿನ ಮೇಲೆ ಇವೆ. ಅವುಗಳಿಗೆ ಮುಂದಿನ ತಿಂಗಳು ಉತ್ತರಿಸುವೆವು. ಈ ಸಲ ಮನೆಯೊಳಗಿನದೇ ಒಂದು ಸಂಗತಿಯನ್ನು ನಿವೇದಿಸಿಕೊಳ್ಳಬೇಕಾಗಿದೆ. ಇದರಲ್ಲಿ ನಗುವಂತಹದೂ ಇದೆ, ನಾಚುವಂತಹದೂ ಇದೆ. ನಾಚಬೇಕಾದವರಲ್ಲಿ ನಾವೂ ಒಬ್ಬರು.

ನಮ್ಮ ತಮ್ಮನ ಮಗಳು ಧಾರವಾಡದಲ್ಲಿ ಬಿ.ಇಡಿ. ವ್ಯಾಸಂಗ ಮಾಡುತ್ತಿದ್ದಾಳೆ. ನಾವು ಮಾಸ್ತರಿಕೆಯ ತರಬೇತಿ ಪಡೆದ ಕಾಲದಲ್ಲಿ ಅದು ಒಂದು ವರ್ಷದ ಓದಾಗಿತ್ತು. 2015ರಿಂದ ಎರಡು ವರ್ಷದ್ದಾಯಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ, ಆ ಎರಡು ವರ್ಷಗಳಲ್ಲಿ ಕನಿಷ್ಠ 20 ವಾರಗಳನ್ನು ಪ್ರಶಿಕ್ಷಣಾರ್ಥಿಗಳು ಶಾಲೆಯ ಕೆಲಸಕ್ಕೆ ಮೀಸಲಿಡಬೇಕು. ಅದರಲ್ಲಿ 4 ವಾರ ಮೊದಲನೆಯ ವರ್ಷಕ್ಕೆ, 16 ವಾರ ಎರಡನೆಯ ವರ್ಷಕ್ಕೆ. ಮೊದಲ ವರ್ಷದಲ್ಲಿ ಪಾಠ ಹೇಳುವುದಕ್ಕಿಂತ ಪಾಠ ನೋಡುವುದೇ ಮುಖ್ಯ. ಹಿಂದಿನ ಬೆಂಚಿನ ಮೇಲೆ ಕುಳಿತು, ಅನುಭವಿ ಶಿಕ್ಷಕರು ಹೇಗೆ ಕಲಿಸುತ್ತಾರೆ, ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದನ್ನು ಕಂಡು ವೀಕ್ಷಣಾ ಪುಸ್ತಕದಲ್ಲಿ ಬರೆಯಬೇಕು. ಅವಳ ಕಾಲೇಜಿನವರು ಹತ್ತು ಪಾಠಗಳ ವೀಕ್ಷಣೆಯನ್ನೂ, ಒಬ್ಬ ವಿದ್ಯಾರ್ಥಿಯ ಕುರಿತು ವಿವರವಾದ ಟಿಪ್ಪಣಿಯನ್ನೂ ಕೇಳಿದ್ದರು. ಅವಳ ಪಾಲಿಗೆ ಬಂದದ್ದು ನಮ್ಮ ಊರಿನಿಂದ ಎಂಟು ಕಿಲೋಮೀಟರ್ ದೂರದ, ಮಲಪ್ರಭೆಯ ಸೀಮೆಯ ಒಂದು ಹಳ್ಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೀಗಾಗಿ ದೀಪಾವಳಿಯ ಮರುವಾರ ಒಂದು ಚೀಲ, ಒಂದು ಛತ್ರಿ, ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದಿಳಿದಳು.

"ಹತ್ತು ಪಾಠ ನೋಡೂದು ಏನ್ ದೊಡ್ಡ ಮಾತು ದೊಡ್ಡಪ್ಪಾ, ಮೂರು ದಿನದಾಗ ಮುಗಸ್ತೀನಿ" ಎಂದಳು. ಮೂವತ್ತೆರಡು ವರ್ಷ ಸೀಮೆಸುಣ್ಣದ ಧೂಳು ಕುಡಿದ ನಾವು ಏನೂ ಹೇಳದೆ ಸುಮ್ಮನಿದ್ದೆವು.

ಮೊದಲ ದಿನ ಆ ಶಾಲೆಯ ಇಬ್ಬರು ಶಿಕ್ಷಕರು ತರಬೇತಿಗೆ ಹೋಗಿದ್ದರು; ಇನ್ನೊಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ. ಉಳಿದವರು ಮುಖ್ಯೋಪಾಧ್ಯಾಯರು, ಒಬ್ಬರು ಅತಿಥಿ ಶಿಕ್ಷಕಿ. ಬಾಗಿಲಲ್ಲಿ ನಿಂತ ನಮ್ಮ ಹುಡುಗಿಯನ್ನು ಕಂಡು ಮುಖ್ಯೋಪಾಧ್ಯಾಯರು "ಬರ್ರಿ ಬರ್ರಿ, ದೇವರು ಬಂದಂಗ ಬಂದ್ರಿ" ಎಂದು ಎದ್ದು ನಿಂತರಂತೆ. ಕಾಲೇಜಿನ ಪತ್ರವನ್ನು ಓದುವಷ್ಟು ವ್ಯವಧಾನವೂ ಅವರಿಗಿರಲಿಲ್ಲ. ನಾಲ್ಕನೆಯ ಮತ್ತು ಐದನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡ್ರಿಸಿ, ಹಾಜರಿ ಪುಸ್ತಕವನ್ನು ಇವಳ ಕೈಗಿತ್ತು, ತಾವು ಬಿಸಿಯೂಟದ ಲೆಕ್ಕಕ್ಕೆ ಹೊರಟುಹೋದರು. ಪಾಠ ನೋಡಲು ಹೋದವಳು ಸಂಜೆಯವರೆಗೆ ಐವತ್ತು ಮಕ್ಕಳಿಗೆ ಮಗ್ಗಿ ಹೇಳಿಸಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದಳು. ಪುಸ್ತಕದ ಮೊದಲ ಪುಟದಲ್ಲಿ 'ವೀಕ್ಷಿಸಿದ ಶಿಕ್ಷಕರ ಹೆಸರು' ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಳು. ನಿನ್ನ ಹೆಸರನ್ನೇ ಬರೆ, ತರಗತಿ ನಿರ್ವಹಣೆಗೆ ಐದಕ್ಕೆ ಎರಡು ಅಂಕ ಕೊಟ್ಟುಕೋ ಎಂದು ನಾವು ನಗೆಯಾಡಿದೆವು.

ಎರಡನೆಯ ದಿನ ಆರನೆಯ ತರಗತಿಯ ಕೊನೆಯ ಬೆಂಚು ದೊರಕಿತು. ಅವಳು ಕುಳಿತುಕೊಳ್ಳುತ್ತಲೇ ಮುಂದಿನ ಎಲ್ಲ ಮಕ್ಕಳೂ ಕಪ್ಪುಹಲಗೆಗೆ ಬೆನ್ನು ಹಾಕಿ ಇವಳ ಕಡೆಗೆ ತಿರುಗಿ ಕುಳಿತರು. ಪಕ್ಕದ ಹುಡುಗನೊಬ್ಬ ಬಹಳ ಹೊತ್ತು ಇವಳನ್ನು ದಿಟ್ಟಿಸಿ, ಕಡೆಗೆ ಕನಿಕರದಿಂದ "ಅಕ್ಕಾರ, ನೀವು ನಪಾಸ ಆಗೀರೇನ್ರಿ?" ಎಂದು ಕೇಳಿದನಂತೆ. ಇಷ್ಟು ದೊಡ್ಡವರು ಆರನೆಯ ಇಯತ್ತೆಯಲ್ಲಿ ಕೂಡ್ರಲು ಬೇರೆ ಕಾರಣ ಅವನಿಗೆ ಹೊಳೆದಿರಲಿಕ್ಕಿಲ್ಲ.

ತರಬೇತಿಯಿಂದ ಮರಳಿ ಬಂದ ವಿಜ್ಞಾನದ ಶಿಕ್ಷಕಿಯವರು ಕೆಂಪು ರಟ್ಟಿನ ಪುಸ್ತಕವನ್ನು ಕಂಡು ಕೊಂಚ ಗಾಬರಿಯಾದರೆಂದು ತೋರುತ್ತದೆ. ಬರೆಯುವವಳು ಕಾಲೇಜಿನ ಹುಡುಗಿಯೇ ಇರಲಿ, ಬರೆದದ್ದನ್ನು ಓದುವವರು ಯಾರೋ ಬಲ್ಲವರಾರು? ಅವರು ಕಪಾಟಿನಿಂದ ನಕ್ಷೆಗಳನ್ನೂ, ಮೊಳಕೆ ಬಂದ ಹೆಸರುಕಾಳನ್ನೂ ತೆಗೆದು, ಹದಿನೈದು ದಿನಗಳ ಹಿಂದೆ ಮುಗಿದಿದ್ದ ಪಾಠವನ್ನೇ ಹೊಸದಾಗಿ ಆರಂಭಿಸಿದರು. ಪೀಠಿಕೆಯ ಮೊದಲ ಪ್ರಶ್ನೆ: "ಇವತ್ತು ಮುಂಜಾನೆ ಏನ್ ತಿಂದು ಬಂದೀರಿ?" ಮುಂದಿನ ಸಾಲಿನ ಜಾಣ ಹುಡುಗಿಯೊಬ್ಬಳು ಕೈಕಟ್ಟಿ ಎದ್ದು ನಿಂತು, "ದ್ವಿದಳ ಧಾನ್ಯ್ರೀ" ಎಂದುಬಿಟ್ಟಳು. ಕೊನೆಯಲ್ಲಿ ಬರಬೇಕಾದ ಉತ್ತರ ಮೊದಲೇ ಬಂದುಬಿಟ್ಟಿತು. ಶಿಕ್ಷಕಿಯವರ ಮುಖ ಕೆಂಪಾಯಿತು. ನಮ್ಮ ಹುಡುಗಿ ನಗು ತಡೆಯಲಾರದೆ ಪುಸ್ತಕದಲ್ಲಿ ಮುಖ ಮರೆಸಿಕೊಂಡಳು.

"ನಾ ಪಾಠ ನೋಡಾಕ ಹೋಗಿದ್ದೆ ದೊಡ್ಡಪ್ಪಾ, ಅವರೆಲ್ಲ ನನ್ನ ನೋಡಾಕತ್ತಿದ್ರು" ಎಂದು ಅವಳು ನಗುತ್ತ ಹೇಳಿದಾಗ ನಾವು ಆ ಶಿಕ್ಷಕಿಯವರ ಪಕ್ಷ ವಹಿಸಿದೆವು. ತನಿಖೆಗೆ ಸಾಹೇಬರು ಬರುವ ದಿನ, ಉತ್ತರ ಬಲ್ಲವರು ಬಲಗೈ ಎತ್ತಬೇಕು, ಅರಿಯದವರು ಎಡಗೈ ಎತ್ತಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟು, ಇಡೀ ತರಗತಿಯೇ ಕೈಯೆತ್ತಿದ್ದನ್ನು ತೋರಿಸಿ ಮೆಚ್ಚುಗೆ ಪಡೆದ ಮಾಸ್ತರರ ಪೈಕಿ ನಾವೂ ಒಬ್ಬರು. ನೋಡುವವರಿದ್ದಾರೆಂದು ತಿಳಿದ ಕ್ಷಣದಿಂದ ಯಾರೂ ತಾವಿದ್ದಂತೆ ಇರುವುದಿಲ್ಲ. ವಧುಪರೀಕ್ಷೆಯ ದಿನ ನಮ್ಮ ಮನೆಗಳು ಹೇಗಿರುತ್ತವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ.

ಮೂರನೆಯ ಪ್ರಸಂಗ ಇನ್ನೂ ಸ್ವಾರಸ್ಯದ್ದು. ತರಗತಿಯ ವೀಕ್ಷಣೆಗೆಂದು ಬಿ.ಇಡಿ.ಯಲ್ಲಿ ಕಲಿಸುವ ಒಂದು ವಿಧಾನವಿದೆ. ಅಮೆರಿಕದ ನೆಡ್ ಫ್ಲ್ಯಾಂಡರ್ಸ್ ಎಂಬ ಶಿಕ್ಷಣತಜ್ಞರು ರೂಪಿಸಿದ್ದು. ತರಗತಿಯಲ್ಲಿ ನಡೆಯುವ ಮಾತುಕತೆಯನ್ನೆಲ್ಲ ಅವರು ಹತ್ತು ವರ್ಗಗಳಾಗಿ ವಿಂಗಡಿಸಿದ್ದಾರೆ. ಮೊದಲ ಏಳು ಶಿಕ್ಷಕರ ಮಾತಿಗೆ: ಮಗುವಿನ ಭಾವನೆಯನ್ನು ಒಪ್ಪಿಕೊಂಡರೆ 1, ಹೊಗಳಿದರೆ 2, ಮಗು ಹೇಳಿದ ವಿಚಾರವನ್ನು ಬಳಸಿಕೊಂಡರೆ 3, ಪ್ರಶ್ನೆ ಕೇಳಿದರೆ 4, ವಿವರಿಸುತ್ತ ಹೋದರೆ 5, ಆದೇಶ ಕೊಟ್ಟರೆ 6, ಗದರಿದರೆ 7. ವಿದ್ಯಾರ್ಥಿ ಕೇಳಿದ್ದಕ್ಕೆ ಉತ್ತರ ಕೊಟ್ಟರೆ 8, ತಾನಾಗಿಯೇ ಮಾತು ತೆಗೆದರೆ 9. ಕೊನೆಯದಾದ 10, ಮೌನಕ್ಕೆ ಅಥವಾ ಗೊಂದಲಕ್ಕೆ. ವೀಕ್ಷಕನು ಮೂರು ಮೂರು ಸೆಕೆಂಡಿಗೊಮ್ಮೆ, ಆ ಹೊತ್ತಿಗೆ ನಡೆಯುತ್ತಿರುವುದರ ಅಂಕೆಯನ್ನು ಬರೆಯುತ್ತ ಹೋಗಬೇಕು. ನಿಮಿಷಕ್ಕೆ 20 ಅಂಕೆ; ನಲವತ್ತು ನಿಮಿಷದ ಪಾಠಕ್ಕೆ 800.

ನಮ್ಮ ಹುಡುಗಿ ಸಮಾಜ ವಿಜ್ಞಾನದ ಪಾಠಕ್ಕೆ ಇದನ್ನು ಪ್ರಯೋಗಿಸಲು ಹೊರಟಳು. ಒಂದು ಕಣ್ಣು ಕೈಗಡಿಯಾರದ ಮೇಲೆ, ಒಂದು ಕಣ್ಣು ಶಿಕ್ಷಕರ ಮೇಲೆ, ಕೈ ಕಾಗದದ ಮೇಲೆ. ಹತ್ತು ನಿಮಿಷವಾಗುವಷ್ಟರಲ್ಲಿ ಬೆರಳು ಸೆಟೆದು, ಐದು ಯಾವುದು ಆರು ಯಾವುದು ಎಂಬುದೇ ಮರೆತುಹೋಯಿತು. ಅವಳ ಸಂಕಟವನ್ನು ಕಂಡ ಪಕ್ಕದ ಹುಡುಗ, ನಪಾಸಾದ ಅಕ್ಕನ ಮೇಲೆ ಮರುಕವಿದ್ದವನು, ನೆರವಿಗೆ ಬಂದು ತಗ್ಗಿದ ದನಿಯಲ್ಲಿ "ಒಂದು, ಎರಡು, ಮೂರು" ಎಂದು ಎಣಿಸತೊಡಗಿದ. ಅವನನ್ನು ನೋಡಿ ಅವನ ಬೆಂಚಿನವರೆಲ್ಲ ಎಣಿಸತೊಡಗಿದರು. ಶಿಕ್ಷಕರು ಪಾಠ ನಿಲ್ಲಿಸಿ ಏನು ನಡೆದಿದೆ ಎಂದು ವಿಚಾರಿಸಿದರು. ಆಗ ತರಗತಿಯಲ್ಲಿ ನೆಲಸಿದ್ದು ಹತ್ತನೆಯ ವರ್ಗದ ಮೌನವೋ ಗೊಂದಲವೋ ನಾವು ಹೇಳಲಾರೆವು.

ಈ ಮೌನ ಮತ್ತು ಗೊಂದಲಗಳನ್ನು ಒಂದೇ ಅಂಕೆಗೆ ಕಟ್ಟಿಹಾಕಿದ್ದು ನಮಗೆ ಮೊದಲಿನಿಂದಲೂ ಸರಿದೋರಿಲ್ಲ. ಮಾತನ್ನು ಒಂಬತ್ತು ಬಗೆಯಾಗಿ ಸೀಳಿದವರಿಗೆ ಮೌನದಲ್ಲಿ ಒಂದೇ ಬಗೆ ಕಂಡಿತು. ಹಾಗೆಂದು ಆ ವಿಧಾನವನ್ನು ನಾವು ಹಳಿಯುತ್ತಿಲ್ಲ. ತರಗತಿಯ ಹೊತ್ತಿನ ಮೂರರಲ್ಲಿ ಎರಡು ಪಾಲು ಯಾರಾದರೊಬ್ಬರು ಮಾತಾಡುತ್ತಿರುತ್ತಾರೆ, ಆ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಶಿಕ್ಷಕರದೇ ಎಂಬುದನ್ನು ಫ್ಲ್ಯಾಂಡರ್ಸ್‌ರು ಎಣಿಸಿ ತೋರಿಸಿದರು. ನಮ್ಮಂಥ ವಾಚಾಳಿ ಮಾಸ್ತರರಿಗೆ ಅದು ತಕ್ಕ ಪಾಠವೇ.

ಇಲ್ಲಿಯವರೆಗೆ ನಗೆಯ ಮಾತಾಯಿತು.

ವಿದ್ಯಾರ್ಥಿಯೊಬ್ಬರ ಕುರಿತು ಟಿಪ್ಪಣಿ ಬರೆಯಬೇಕಿತ್ತಷ್ಟೆ? ಆರನೆಯ ತರಗತಿಯಲ್ಲಿ ಎಡಗಡೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗಿಯನ್ನು ಇವಳು ಆರಿಸಿಕೊಂಡಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ತೋಳು ಉದ್ದವಾದ ಸಮವಸ್ತ್ರ. ದಿನವೂ ಪ್ರಾರ್ಥನೆ ಮುಗಿದ ಮೇಲೆಯೇ ಬರುವಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ಮಾತಾಡಳು. ಪಾಠದ ನಡುವೆ ಪದೇ ಪದೇ ಕಿಟಕಿಯ ಹೊರಗೆ ನೋಡುವಳು. ನಮ್ಮ ಹುಡುಗಿ ಹಿಂದಿನ ಬೆಂಚಿನಿಂದ ಶ್ರದ್ಧೆಯಾಗಿ ಗೀಟು ಹಾಕುತ್ತ ಎಣಿಸಿದಳು: ಒಂದು ಪಾಠದ ಅವಧಿಯಲ್ಲಿ ಹದಿನಾಲ್ಕು ಸಲ. ಆ ದಿನ ಸಂಜೆ ನಮ್ಮ ಪಡಸಾಲೆಯಲ್ಲಿ ಕುಳಿತು, ದುಂಡಾದ ಅಕ್ಷರಗಳಲ್ಲಿ ಬರೆದಳು: 'ಬಾಲಕಿಗೆ ಪಾಠದಲ್ಲಿ ಗಮನವಿಲ್ಲ. ಒಂದು ಅವಧಿಯಲ್ಲಿ 14 ಸಲ ಹೊರಗೆ ನೋಡಿದಳು. ಸಮಯಪಾಲನೆ ಇಲ್ಲ. ಕಲಿಕೆಯಲ್ಲಿ ಆಸಕ್ತಿ ಕಡಿಮೆ. ಪ್ರೇರಣೆ ಅಗತ್ಯ.' ನಮಗೆ ಓದಿ ಹೇಳಿದಳು. ನಾವು ತಲೆದೂಗಿದೆವು. ಎಣಿಸಿ ಬರೆದಿದ್ದೀಯೆ, ಇದು ಶಾಸ್ತ್ರೀಯ ಎಂದೆವು.

ವೀಕ್ಷಣಾ ಪುಸ್ತಕಕ್ಕೆ ವಾರಕ್ಕೊಮ್ಮೆ ತರಗತಿಯ ಶಿಕ್ಷಕರ ಸಹಿ ಬೇಕು. ವಿಜ್ಞಾನದ ಶಿಕ್ಷಕಿಯವರೇ ಆ ತರಗತಿಯ ಶಿಕ್ಷಕಿ. ಅವರು ಆ ಪುಟವನ್ನು ಓದಿದರು. ಮರುದಿನ ಆ ಹುಡುಗಿಯನ್ನು ಎದ್ದು ನಿಲ್ಲಿಸಿ, ನಿನ್ನ ಬಗ್ಗೆ ಕಾಲೇಜಿನ ಪುಸ್ತಕದಲ್ಲಿ ಬರೆದುಕೊಂಡು ಹೋಗುವ ಹಾಗಾಯಿತಲ್ಲ ಎಂದು ನಾಲ್ಕು ಮಾತು ಹೇಳಿ, ಕಿಟಕಿಯಿಂದ ತೆಗೆದು ಬಲಗಡೆಯ ಗೋಡೆಗೆ ಹೊಂದಿದ ಮೊದಲ ಬೆಂಚಿನಲ್ಲಿ ಕೂಡ್ರಿಸಿದರು. ಅವರು ಕೆಟ್ಟವರಲ್ಲ. ಪುಸ್ತಕದಲ್ಲಿ 'ಪ್ರೇರಣೆ ಅಗತ್ಯ' ಎಂದು ಬರೆದಿತ್ತು. ತಮಗೆ ತಿಳಿದ ಪ್ರೇರಣೆಯನ್ನು ಕೊಟ್ಟರು. ಹುಡುಗಿ ಚೀಲವನ್ನೆತ್ತಿಕೊಂಡು ಹೋಗಿ ಕುಳಿತಳು. ಹೋಗುವಾಗ ಒಮ್ಮೆ ಹಿಂದಿನ ಬೆಂಚಿನ ಕಡೆಗೆ ನೋಡಿದಳಂತೆ.

ಇದಾಗಿ ಎರಡು ದಿನ. ಗಣಿತದ ಪಾಠ ನಡೆದಿತ್ತು. ಹುಡುಗಿ ಎದ್ದು ನಿಂತು, ನೀರು ಕುಡಿದು ಬರುವೆನೆಂದು ಅಪ್ಪಣೆ ಕೇಳಿದಳು. ಶಿಕ್ಷಕರು ಆಮೇಲೆ ಎಂದರು. ತುಸು ಹೊತ್ತಿಗೆ ಮತ್ತೆ ಕೇಳಿದಳು. ಕೂಡು ಎಂದರು. ಕುಳಿತಂತೆ ಮಾಡಿ, ಒಮ್ಮೆಲೆ ಎದ್ದು ಬಾಗಿಲಿನಿಂದ ಹೊರಗೆ ಓಡಿಬಿಟ್ಟಳು. ತರಗತಿಯೆಲ್ಲ ಹೋ ಎಂದಿತು. ನಮ್ಮ ಹುಡುಗಿಯ ಕೈಯಲ್ಲಿ ಲೇಖನಿ ಇತ್ತು. ಅಭ್ಯಾಸಬಲದಿಂದ 10 ಎಂದು ಬರೆದಳು.

ಹತ್ತು ನಿಮಿಷ ಕಳೆದ ಮೇಲೆ ಆ ಹುಡುಗಿ ಮರಳಿ ಬಂದು ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಮೂರು ಮೂರೂವರೆ ವರ್ಷದ ಒಂದು ಗಂಡುಮಗು. ಮಗುವಿನ ಕೈಯಲ್ಲಿ ಗೇಣುದ್ದದ ಒಂದು ಕಬ್ಬಿನ ತುಂಡು. ಅದರ ಬಾಯಿಗೆಲ್ಲ ಮಣ್ಣು ಮೆತ್ತಿತ್ತು. ಎಲ್ಲಿಗೆ ಹೋಗಿದ್ದಿ ಎಂದು ಶಿಕ್ಷಕರು ಕೇಳಿದರು. ಉತ್ತರವಿಲ್ಲ. ಕೇಳದೆ ಯಾಕೆ ಹೋದಿ? ಉತ್ತರವಿಲ್ಲ. ಮಗುವನ್ನು ಬಿಟ್ಟು ಬಾ ಎಂದರು. ಹೋಗಿ ಬಿಟ್ಟು ಬಂದು ಗೋಡೆಯ ಪಕ್ಕದ ತನ್ನ ಸ್ಥಳದಲ್ಲಿ ಕುಳಿತುಕೊಂಡಳು.

ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಹುಡುಗಿಗೆ ವಿಷಯ ತಿಳಿಸಿದವರು ಅಡುಗೆಯ ತಾಯಿ. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಶರಣರ ಮಾತನ್ನೇ ಹೆಸರಾಗಿ ಇಟ್ಟಿದ್ದಾರೆ; ಆ ಹೆಸರಿನ ತೂಕವನ್ನು ಹೊತ್ತವರು ಸಾಂಬಾರಿನ ಬೋಗುಣಿಯ ಮುಂದೆ ಕುಳಿತ ಈ ತಾಯಂದಿರು. ಊರಿನ ಯಾವ ಮಗು ಉಂಡು ಬಂದಿದೆ, ಯಾವುದು ಉಣ್ಣದೆ ಬಂದಿದೆ ಎಂಬುದು ಅವರಿಗೆ ಮುಖ ನೋಡಿದರೆ ತಿಳಿಯುತ್ತದೆ. ಅದಕ್ಕೆ ಅವರು ಯಾವ ಪುಸ್ತಕವನ್ನೂ ಇಟ್ಟಿಲ್ಲ.

"ಅಕ್ಕಾರ, ಆ ಹುಡುಗಿ ಕಿಟಕ್ಯಾಗ ಸುಮ್ಮಸುಮ್ಮನ ನೋಡತಿದ್ದಿಲ್ರಿ. ಅಲ್ಲಿಂದ ಅಂಗನವಾಡಿ ಗೇಟ ಕಾಣತೈತಿ. ಅದರ ತಮ್ಮ ಅಲ್ಲೇ ಇರತೈತಿ. ಎರಡು ಸರತಿ ಗೇಟ ತಕ್ಕೊಂಡು ರಸ್ತೆಗೆ ಬಂದಿತ್ರಿ ಅದು" ಎಂದರು ಆ ತಾಯಿ.

ನವಂಬರದಿಂದ ಆಚೆಗೆ ನಮ್ಮ ಸೀಮೆಯ ರಸ್ತೆಗಳ ಸ್ಥಿತಿಯನ್ನು ಬಲ್ಲವರು ಬಲ್ಲರು. ಕಾರಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಅಗಲಕ್ಕೂ ಎತ್ತರಕ್ಕೂ ಮಿತಿಯಿಲ್ಲದಂತೆ ಹೇರಿಕೊಂಡು ಓಡುತ್ತವೆ. ಬಿದ್ದ ಕಬ್ಬನ್ನು ಆಯಲು, ಓಡುವ ಟ್ರೇಲರಿನಿಂದ ಜಗ್ಗಲು ಮಕ್ಕಳು ರಸ್ತೆಗೆ ಇಳಿಯುತ್ತಾರೆ. ಆ ಹುಡುಗಿಯ ತಾಯಿ ಹೊತ್ತು ಮೂಡುವ ಮೊದಲು ಕಬ್ಬು ಕಡಿಯುವ ಕೂಲಿಗೆ ಹೋಗುವವಳು. ತಂದೆ ಮನೆಯಲ್ಲಿಲ್ಲ, ಎಲ್ಲಿದ್ದಾನೆಂಬುದನ್ನು ಅಡುಗೆಯ ತಾಯಿ ಹೇಳಲಿಲ್ಲ, ಇವಳು ಕೇಳಲಿಲ್ಲ. ತಮ್ಮನನ್ನು ಎಬ್ಬಿಸಿ, ಮೈ ತೊಳೆಸಿ, ಅಂಗನವಾಡಿ ತೆರೆಯುವವರೆಗೆ ಕಾದು, ಅಲ್ಲಿ ಒಪ್ಪಿಸಿ ಶಾಲೆಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಆ ದಿನ ಅಂಗನವಾಡಿಯ ಸಹಾಯಕಿ ಬಂದಿರಲಿಲ್ಲವೆಂಬುದು ಅವಳಿಗೆ ಮುಂಜಾನೆಯೇ ತಿಳಿದಿತ್ತು. ಗೋಡೆಯ ಪಕ್ಕ ಕುಳಿತವಳಿಗೆ ಗೇಟು ಕಾಣುತ್ತಿರಲಿಲ್ಲ. ಟ್ರ್ಯಾಕ್ಟರಿನ ಸದ್ದು ಮಾತ್ರ ಕೇಳುತ್ತಿತ್ತು.

ಹದಿನಾಲ್ಕು ಸಲ ಹೊರಗೆ ನೋಡಿದ್ದು ನಿಜ. ಎಣಿಕೆಯಲ್ಲಿ ತಪ್ಪಿರಲಿಲ್ಲ.

ಆ ಸಂಜೆ ನಮ್ಮ ಹುಡುಗಿ ಮನೆಗೆ ಬಂದವಳು ಚೀಲವನ್ನು ಮೂಲೆಗಿಟ್ಟು ಸುಮ್ಮನೆ ಕುಳಿತಳು. ನಮ್ಮ ಮನೆಯವರು ರೊಟ್ಟಿ, ಬದನೆಕಾಯಿಯ ಪಲ್ಯ ಬಡಿಸಿದರು. ಮುಟ್ಟಲಿಲ್ಲ. ಯಾಕೆಂದು ಎರಡು ಸಲ ಕೇಳಿದ ಮೇಲೆ ಎಲ್ಲವನ್ನೂ ಹೇಳಿದಳು. "ದೊಡ್ಡವ್ವಾ, ಆ ಕೂಸಿಗೆ ಏನರ ಆಗಿದ್ರ?" ಎಂದಳು. ನಮ್ಮ ಮನೆಯವರು ಅವಳ ತಲೆಯ ಮೇಲೆ ಕೈಯಿಟ್ಟು ಕುಳಿತರು. ಅವರಿಗೆ ತೋಚಿದ್ದು ಅಷ್ಟು. ಅದೇ ಸರಿಯಾಗಿತ್ತು.

ನಮಗೆ ಮಾತ್ರ ಉಪದೇಶ ತೋಚಿತು. ಆ ಪುಟವನ್ನು ಹರಿದುಹಾಕುತ್ತೇನೆ ಎಂದು ಅವಳೆದ್ದಾಗ ನಾವು ತಡೆದೆವು. ಪುಟಗಳಿಗೆ ಸಂಖ್ಯೆಯಿದೆ, ಕಾಲೇಜಿನ ಮುದ್ರೆಯಿದೆ, ಹರಿಯುವಂತಿಲ್ಲ. ಬರೆದದ್ದು ಬರೆದಾಯಿತು, ಸಹಿಯೂ ಆಗಿದೆ. ಮುಂದಿನ ಪುಟವನ್ನು ಚೆನ್ನಾಗಿ ಬರೆ, ಅಂಕ ಕೈಬಿಡಬೇಡ ಎಂದೆವು. ಅವಳ ಸಂಗಡಿಗರು ಹಿಂದಿನ ವರ್ಷದವರ ಪುಸ್ತಕಗಳನ್ನು ತಂದಿಟ್ಟುಕೊಂಡು, ಒಂದೇ ರಾತ್ರಿಯಲ್ಲಿ ಹತ್ತು ಪಾಠಗಳನ್ನೂ 'ವೀಕ್ಷಿಸಿ' ಮುಗಿಸಿದ್ದರೆಂಬುದು ನಮಗೆ ಗೊತ್ತಿತ್ತು. ಅವರಿಗಿಂತ ನೀನು ಮೇಲು ಎಂಬ ಅರ್ಥ ಬರುವಂತೆಯೂ ಒಂದು ಮಾತಾಡಿದೆವು.

ಹಾಗೆ ಹೇಳುವ ಅಧಿಕಾರ ನಮಗಿರಲಿಲ್ಲ. ನಮ್ಮ ತರಬೇತಿಯ ವರ್ಷ ವಸತಿಗೃಹದ ಕಂದೀಲಿನ ಬೆಳಕಿನಲ್ಲಿ, ಗೆಳೆಯನ ಪುಸ್ತಕವನ್ನು ಮುಂದಿಟ್ಟುಕೊಂಡು ನಾವೂ ಹನ್ನೆರಡು ಪಾಠಗಳನ್ನು ಬರೆದು ಮುಗಿಸಿದವರು. ಅವುಗಳಲ್ಲಿ ಒಂದು ಪಾಠ ನಡೆದ ದಿನ ಭಾನುವಾರವಾಗಿತ್ತು. ಪರೀಕ್ಷಕರೂ ಅದನ್ನು ಗಮನಿಸಲಿಲ್ಲ. ಉತ್ತಮ ಎಂದು ಬರೆದು ಸಹಿ ಮಾಡಿದರು. ಮಕ್ಕಳನ್ನು ನೋಡದೆಯೇ ಬರೆದ ನಮ್ಮ ಪುಸ್ತಕದಿಂದ ಯಾವ ಮಗುವಿಗೂ ಕೇಡಾಗಲಿಲ್ಲ. ಪ್ರಾಮಾಣಿಕವಾಗಿ ಕುಳಿತು ನೋಡಿ ಬರೆದವಳ ಪುಸ್ತಕದಿಂದ ಆಯಿತು. ಈ ಲೆಕ್ಕ ಆ ರಾತ್ರಿ ನಮಗೆ ಬಹಳ ಹೊತ್ತು ನಿದ್ದೆ ಕೊಡಲಿಲ್ಲ.

ತರಗತಿಯನ್ನು ನೋಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ನೋಡಿದವರಿಂದಲೇ ಈ ಸೀಮೆಗೆ ಉಪಕಾರವಾದದ್ದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿಯ ಭಾಗ ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದಾಗ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಶಾಲೆಯಲ್ಲಿ ಬೇರೊಂದು ನುಡಿಯ ಮುಂದೆ ಬಾಯಿ ಕಟ್ಟಿ ಕುಳಿತುಕೊಳ್ಳುತ್ತಿದ್ದರು. ಶಾಲೆಗಳ ತನಿಖೆಯ ಅಧಿಕಾರಿಯಾಗಿದ್ದ ಚನ್ನಬಸಪ್ಪನವರು ಆ ಮೌನವನ್ನು ದಡ್ಡತನವೆಂದು ಬರೆದುಕೊಳ್ಳಲಿಲ್ಲ. ಮಕ್ಕಳ ಮನೆಯ ಮಾತು ಯಾವುದು ಎಂಬುದನ್ನು ಅವರು ಕಂಡಿದ್ದರು, ಕನ್ನಡ ಶಾಲೆಗಳಿಗಾಗಿ ದುಡಿದರು. ಡೆಪ್ಯುಟಿ ಎಂಬ ಹುದ್ದೆಯ ಹೆಸರು ಅವರ ಹೆಸರಿನೊಡನೆ ಶಾಶ್ವತವಾಗಿ ಸೇರಿಹೋಯಿತು. ಷೇಕ್ಸ್‌ಪಿಯರನ ನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ'ಯಾಗಿ ಕನ್ನಡಕ್ಕೆ ತಂದವರೂ ಅವರೇ. ಅವರ ಕೈಯಲ್ಲಿಯೂ ಒಂದು ತನಿಖೆಯ ಪುಸ್ತಕ ಇದ್ದಿರಲೇಬೇಕು.

ಮತ್ತೊಂದು ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯನವರ ದೋಣಿಯ ಕುರಿತು, ನುಲಿಯ ಚಂದಯ್ಯನವರ ಹಗ್ಗದ ಕುರಿತು, ಅಂಗಳ ಗುಡಿಸುವ ಸತ್ಯಕ್ಕನವರ ಕಸಬರಿಗೆಯ ಕುರಿತು ಹೊರಗಿನವರು ಯಾರೋ ಬಂದು ಷರಾ ಬರೆಯಲಿಲ್ಲ. ಅವರವರ ಬಾಳನ್ನು ಅವರವರೇ ನುಡಿದರು. ಅನುಭವ ಮಂಟಪದಲ್ಲಿ ಕುಳಿತವರು ಕೇಳಿದರು. ಆ ಶಾಲೆಯಲ್ಲಿ ಎರಡು ವಾರಗಳ ಕಾಲ ಆ ಹುಡುಗಿಯನ್ನು ನೋಡಿದವರು, ಎಣಿಸಿದವರು, ಗದರಿದವರು, ಸ್ಥಳ ಬದಲಿಸಿದವರು ಎಲ್ಲರೂ ಇದ್ದರು. ಕಿಟಕಿಯಲ್ಲಿ ಏನು ನೋಡುತ್ತೀ ತಂಗೀ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಇಲ್ಲವೋ, ಅದು ಬೇರೆ.

ನಮ್ಮ ಹುಡುಗಿ ನಮ್ಮ ಉಪದೇಶವನ್ನು ಕೇಳಲಿಲ್ಲ. ಮರುದಿನ ಒಂಬತ್ತಕ್ಕೇ ಶಾಲೆಗೆ ಹೋಗಿ, ಆ ವಿಜ್ಞಾನದ ಶಿಕ್ಷಕಿಯವರನ್ನು ಕಂಡು, ನಾನು ಬರೆದದ್ದು ತಪ್ಪು ಎಂದು ಹೇಳಿದಳು. ಅವರು ಕೆಲಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಮೂರು ವರ್ಷ ಆತು ನಾ ಈ ಶಾಲೆಗೆ ಬಂದು. ನನಗೂ ಗೊತ್ತಿರಲಿಲ್ಲ ನೋಡ್ರಿ" ಎಂದರು. ಆ ದಿನವೇ ಹುಡುಗಿಯನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಕಳಿಸಿದರು. ಅಷ್ಟಕ್ಕೆ ಬಿಡದೆ, ಮುಖ್ಯೋಪಾಧ್ಯಾಯರಿಗೆ ಹೇಳಿ ಅಂಗನವಾಡಿಯ ಗೇಟಿಗೆ ಮೇಲುಗಡೆ ಒಂದು ಕೊಂಡಿ ಹಾಕಿಸಿದರು. ಕೊಂಡಿಗೆ ತಗಲಿದ ಖರ್ಚು ಎಂಬತ್ತು ರೂಪಾಯಿ. ಅದನ್ನು ಯಾರು ಕೊಡಬೇಕೆಂಬ ಚರ್ಚೆ ಎರಡು ದಿನ ನಡೆದು, ಕಡೆಗೆ ಶಿಕ್ಷಕಿಯವರೇ ಕೊಟ್ಟರು.

ಇಷ್ಟಾದ ಮೇಲೆ ಆ ಬಾಲಕಿ ನಕ್ಕು ಓಡಿ ಬಂದು ನಮ್ಮ ಹುಡುಗಿಯ ಕೈ ಹಿಡಿದಳು ಎಂದು ಬರೆಯಲು ನಮಗೂ ಆಸೆಯಿದೆ. ಹಾಗೇನೂ ಆಗಲಿಲ್ಲ. ಉಳಿದ ಎರಡು ವಾರಗಳಲ್ಲಿ ಅವಳು ನಮ್ಮ ಹುಡುಗಿಯ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ಇವಳು ಕೊಟ್ಟ ಶೇಂಗಾದುಂಡಿಯನ್ನು ತೆಗೆದುಕೊಂಡಳು; ತಾನು ತಿನ್ನದೆ ಚೀಲದಲ್ಲಿಟ್ಟುಕೊಂಡಳು. ಮಾತು ಬರಲಿಲ್ಲ. ಮಕ್ಕಳಿಗೆ ಕ್ಷಮಿಸುವುದು ಸುಲಭವೆಂದು ದೊಡ್ಡವರು ತಮ್ಮ ಅನುಕೂಲಕ್ಕಾಗಿ ಹೇಳಿಕೊಂಡ ಮಾತೆಂದು ನಮಗೆ ತೋರುತ್ತದೆ.

ಪುಸ್ತಕದ ಆ ಪುಟವನ್ನು ನಮ್ಮ ಹುಡುಗಿ ಹರಿಯಲಿಲ್ಲ. ಅಡ್ಡಗೆರೆ ಎಳೆದು ಕಾಟು ಹಾಕಿ, ಅದರ ಕೆಳಗೂ ಪಕ್ಕದ ಪುಟದಲ್ಲೂ ನಡೆದದ್ದನ್ನೆಲ್ಲ ಬರೆದಳು: ಕಿಟಕಿ, ಗೇಟು, ಕಬ್ಬಿನ ತುಂಡು, ಅಡುಗೆಯ ತಾಯಿಯ ಮಾತು. ಹುಡುಗಿ ತಡವಾಗಿ ಬರುವ ಕಾರಣ. ತಾನು ಬರೆದದ್ದರಿಂದ ಅವಳ ಸ್ಥಳ ಬದಲಾದ ಸಂಗತಿ. ಬರೆಯುವಾಗ ನಮಗೆ ಓದಿ ಹೇಳಲಿಲ್ಲ. ಕಾಲೇಜಿನಿಂದ ಪುಸ್ತಕ ಮರಳಿ ಬಂದಾಗ ಆ ಪುಟದ ಅಂಚಿನಲ್ಲಿ ಕೆಂಪು ಮಸಿಯಲ್ಲಿ ಹೀಗಿತ್ತು: 'ದಾಖಲೆಯಲ್ಲಿ ಕಾಟು ಹಾಕಬಾರದು. ನಿಗದಿತ ನಮೂನೆಯಲ್ಲಿಯೇ ಬರೆಯುವುದು.' ಇಪ್ಪತ್ತೈದಕ್ಕೆ ಹದಿನೇಳು ಅಂಕ. ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ ಗೆಳತಿಗೆ ಇಪ್ಪತ್ಮೂರು. ಕೆಂಪು ಮಸಿಯಲ್ಲಿ ಬರೆದವರನ್ನೂ ನಾವು ದೂರಲಾರೆವು. ನೂರು ಪುಸ್ತಕಗಳನ್ನು ತಿದ್ದುವವರಿಗೆ ಕಾಟು ಕಾಣುತ್ತದೆ, ಅದರ ಕೆಳಗಿನದು ಕಾಣುವುದಿಲ್ಲ. ನಾವೂ ತಿದ್ದಿದವರೇ.

ಈಗ ಅವಳದು ಎರಡನೆಯ ವರ್ಷ. ಹದಿನಾರು ವಾರಗಳ ಶಾಲಾ ಅನುಭವಕ್ಕೆ ಮತ್ತೆ ಅದೇ ಹಳ್ಳಿಯ ಶಾಲೆಯನ್ನು ಕೊಡಿರೆಂದು ಅರ್ಜಿ ಬರೆದಿದ್ದಾಳೆ. ಪೇಟೆಯ ಶಾಲೆಯನ್ನು ಬಿಟ್ಟು ಅದನ್ನೇಕೆ ಕೇಳುತ್ತೀ ಎಂದು ಗೆಳತಿಯರು ನಗುತ್ತಿದ್ದಾರಂತೆ. ಕೊಡುವರೋ ಇಲ್ಲವೋ ಇನ್ನೂ ತಿಳಿದಿಲ್ಲ. ಹೋದ ವಾರ ನಮ್ಮಲ್ಲಿಗೆ ಬಂದಾಗ ಶಾಲೆಯವರೆಗೆ ಒಮ್ಮೆ ಹೋಗಿಬಂದಳು. ಆ ಹುಡುಗಿ ಈಗ ಏಳನೆಯ ತರಗತಿ. ತಮ್ಮ ಇನ್ನೂ ಅಂಗನವಾಡಿಯಲ್ಲಿಯೇ ಇದ್ದಾನೆ. ಏಳನೆಯ ತರಗತಿಯ ಕೋಣೆಯ ಕಿಟಕಿ ಯಾವ ಕಡೆಗಿದೆ ಎಂದು ನಾವು ಕೇಳಿದೆವು.

"ಅಡಿಗಿ ಕ್ವಾಣಿ ಕಡೆ ಐತಿ ದೊಡ್ಡಪ್ಪಾ" ಎಂದಳು.